ಬರವಣಿಗೆ ಡಿಗ್ರಿಗೆ ಸೇರುವ ಮುನ್ನ ಹಾಕಬೇಕಾದ ಲೆಕ್ಕ

ಬರೆಯುವ ಆಸೆ ಹೊತ್ತವರಿಗೆ ಕಾಲೇಜಿನ ಪ್ರವೇಶಪತ್ರ ಕೈಸೇರಿದ ದಿನ ಲೆಕ್ಕ ಹಾಕುವ ಮನಸ್ಸಿರುವುದಿಲ್ಲ. ಯಾರೋ ಗುರುತಿಲ್ಲದವರು ನಮ್ಮ ಕಥೆ ಓದಿ ‘ಬನ್ನಿ’ ಅಂದಿದ್ದಾರೆ ಅನ್ನುವ ಸಂತೋಷ ಚಿಕ್ಕದಲ್ಲ. ಆದರೆ ಆ ಪತ್ರದ ಹಿಂದೆಯೇ ಫೀಸಿನ ಹಾಳೆಯೂ ಬರುತ್ತದೆ. ಅದನ್ನು ಮನೆಯವರ ಮುಂದೆ ಇಟ್ಟಾಗ ಎರಡು ಮಾತು ಕೇಳಿಬರುತ್ತವೆ. ‘ಇದರಿಂದ ಹೊಟ್ಟೆ ತುಂಬುತ್ತದಾ?’ ಎಂದು ಕೆಲವರು ಕೇಳುತ್ತಾರೆ. ‘ಕಲೆಗೆ ಬೆಲೆ ಕಟ್ಟಬಾರದು’ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡರಿಂದಲೂ ನಿಮಗೆ ಉಪಯೋಗವಿಲ್ಲ. ಡಿಗ್ರಿಗೆ ಬೆಲೆ ಇದೆ, ಅದನ್ನು ಹಾಳೆಯ ಮೇಲೆ ಬರೆದು ನೋಡಬಹುದು. ನೋಡಿದ ಮೇಲೆ ಸೇರುವುದು ಬಿಡುವುದು ನಿಮಗೆ ಬಿಟ್ಟದ್ದು.

ಕೆಳಗಿನ ಹೆಜ್ಜೆಗಳಿಗೆ ಒಂದು ಸಂಜೆ, ಒಂದು ಕ್ಯಾಲ್ಕುಲೇಟರ್ ಸಾಕು. ಉದಾಹರಣೆಗಳಲ್ಲಿ ಕೊಟ್ಟಿರುವ ಅಂಕಿಗಳು ಬರೀ ಅಂಕಿಗಳು. ಅಲ್ಲಿ ನಿಮ್ಮ ದೇಶದ ಹಣ, ನಿಮ್ಮ ಕಾಲೇಜಿನ ಫೀಸು ಹಾಕಿಕೊಳ್ಳಿ.

ಹೆಜ್ಜೆ 1: ಏನನ್ನು ಕೊಳ್ಳುತ್ತಿದ್ದೀರಿ ಎಂದು ಬರೆಯಿರಿ

ಬರವಣಿಗೆಯ ಕೋರ್ಸು ಒಂದೇ ಬಿಲ್ಲಿನಲ್ಲಿ ಮೂರು ಸರಕು ಮಾರುತ್ತದೆ. ಮೊದಲನೆಯದು ಬಿಡುವು. ಎರಡು ವರ್ಷವೋ ಮೂರು ವರ್ಷವೋ ಬರೆಯುವುದೇ ಕೆಲಸ ಎಂದು ಹೇಳಿಕೊಳ್ಳುವ ಅವಕಾಶ. ಎರಡನೆಯದು ಓದುಗರು. ಪಾಠ ಮಾಡುವವರು, ಜೊತೆಗೆ ಕಲಿಯುವವರು, ವಾರವಾರ ನಿಮ್ಮ ಕರಡನ್ನು ಓದಿ ಎಲ್ಲಿ ಬಿಗಿಯಾಗಿದೆ, ಎಲ್ಲಿ ಜಾರಿದೆ ಎಂದು ಹೇಳುವವರು. ಮುಂದೆ ಪರಿಚಯ, ಶಿಫಾರಸು ಅನ್ನುವುದೆಲ್ಲ ಹುಟ್ಟುವುದೂ ಇಲ್ಲಿಂದಲೇ. ಮೂರನೆಯದು ಪ್ರಮಾಣಪತ್ರ.

ಬಿಡುವು ಮತ್ತು ಓದುಗರು ನಿಮ್ಮ ಬರಹವನ್ನು ಬೆಳೆಸುತ್ತವೆ. ನೇರವಾಗಿ ಸಂಬಳ ತರಬಲ್ಲದ್ದು ಪ್ರಮಾಣಪತ್ರ ಮಾತ್ರ, ಅದೂ ಕೆಲವೇ ಕಡೆ. ವೈದ್ಯರಾಗಲು ಡಿಗ್ರಿ ಇಲ್ಲದೆ ದಾರಿಯಿಲ್ಲ, ವಕೀಲರಾಗಲೂ ಹೆಚ್ಚಿನ ಕಡೆ ಹಾಗೆಯೇ. ಕಾದಂಬರಿ ಬರೆಯಲು ಅಂಥ ಪರವಾನಗಿ ಬೇಕಿಲ್ಲ. ಹಸ್ತಪ್ರತಿ ಓದುವ ಪ್ರಕಾಶಕರು ಅಂಕಪಟ್ಟಿ ಕೇಳುವುದಿಲ್ಲ.

ಇಷ್ಟು ಬಿಡಿಸಿಕೊಂಡರೆ ಒಂದು ನಿಯಮ ತಾನಾಗಿ ಹುಟ್ಟುತ್ತದೆ, ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದೂ ಅದನ್ನೇ. ಸಾಲ ಮಾಡುವುದಾದರೆ ಅದನ್ನು ತೀರಿಸುವ ಹೊಣೆ ಪ್ರಮಾಣಪತ್ರ ತರುವ ಸಂಬಳದ ಮೇಲಿರಲಿ. ಇನ್ನೂ ಬರೆಯದ ಪುಸ್ತಕದ ಹೆಗಲಿಗೆ ಆ ಹೊರೆ ಹೊರಿಸಬೇಡಿ. ಬಿಡುವಿಗೂ ಓದುಗರಿಗೂ ಕೊಡುವ ಹಣ ನಿಮ್ಮ ಉಳಿತಾಯದಿಂದ ಬರಲಿ, ಇಲ್ಲವೇ ಕಾಲೇಜೇ ಕೊಡಲಿ.

ಹೆಜ್ಜೆ 2: ಪ್ರಮಾಣಪತ್ರ ತೆರೆಯುವ ಬಾಗಿಲುಗಳನ್ನು ಎಣಿಸಿ

ಹಾಳೆಯ ಎಡಬದಿಯಲ್ಲಿ ನೀವು ನಿಜವಾಗಿ ಮಾಡಲು ಒಪ್ಪುವ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ‘ಡಿಗ್ರಿ ಕಡ್ಡಾಯ’, ‘ಯಾವ ಡಿಗ್ರಿಯಾದರೂ ಸಾಕು’, ‘ಕೆಲಸದ ಮಾದರಿ ನೋಡುತ್ತಾರೆ’ ಎಂಬ ಮೂರರಲ್ಲಿ ಒಂದನ್ನು ಹಾಕಿ. ಅಂದಾಜಿನಲ್ಲಿ ಬೇಡ, ಕಳೆದ ಒಂದೆರಡು ತಿಂಗಳ ಉದ್ಯೋಗ ಜಾಹೀರಾತು ಇಪ್ಪತ್ತನ್ನಾದರೂ ಓದಿ ಹಾಕಿ.

ಮಾಡಿ ನೋಡಿದರೆ ಕಾಣುವುದು ಹೆಚ್ಚುಕಡಿಮೆ ಹೀಗೆ. ಕಾಲೇಜಿನಲ್ಲಿ ಬರವಣಿಗೆ ಕಲಿಸುವ ಕೆಲಸಕ್ಕೆ ಸ್ನಾತಕೋತ್ತರ ಪದವಿ ಬೇಕು. ಅಮೆರಿಕದಲ್ಲಿ ಎಂಎಫ್‌ಎಯನ್ನು (ಮಾಸ್ಟರ್ ಆಫ್ ಫೈನ್ ಆರ್ಟ್ಸ್ ಎಂಬ ಸ್ನಾತಕೋತ್ತರ ಪದವಿ) ಆ ಕ್ಷೇತ್ರದ ಅಂತಿಮ ಪದವಿ ಎಂದೇ ಎಣಿಸುತ್ತಾರೆ. ಐಯೊವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟ 1936ರಲ್ಲಿ ಶುರುವಾಯಿತು, ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸು 1970ರಲ್ಲಿ. ಆಮೇಲೆ ಇಂಥ ಕೋರ್ಸುಗಳು ಎಷ್ಟೋ ಪಟ್ಟು ಹೆಚ್ಚಾಗಿವೆ, ಕಲಿಸುವ ಕಾಯಂ ಹುದ್ದೆಗಳು ಆ ವೇಗದಲ್ಲಿ ಹೆಚ್ಚಲಿಲ್ಲ. ಇರುವ ಹುದ್ದೆಗೂ ಡಿಗ್ರಿಯ ಜೊತೆ ಪ್ರಕಟವಾದ ಪುಸ್ತಕ ಕೇಳುತ್ತಾರೆ. ಉಳಿದವರು ಒಂದೊಂದು ಕೋರ್ಸಿಗೆ ಇಷ್ಟು ಎಂದು ಗುತ್ತಿಗೆಯ ಮೇಲೆ ಪಾಠ ಮಾಡುತ್ತಾರೆ. ಹಾಗಾಗಿ ‘ಕೊನೆಗೆ ಮೇಷ್ಟ್ರಾದರೂ ಆಗುತ್ತೇನೆ’ ಅನ್ನುವುದನ್ನು ಖಾತ್ರಿ ಆದಾಯವೆಂದು ಬರೆದುಕೊಳ್ಳಬೇಡಿ.

ಟೆಕ್ನಿಕಲ್ ರೈಟರ್ (ಯಂತ್ರ, ಸಾಫ್ಟ್‌ವೇರ್ ಇತ್ಯಾದಿಗಳ ಕೈಪಿಡಿ ಬರೆಯುವವರು), ಸಂಪಾದನೆ, ಸಂಸ್ಥೆಗಳ ಸಂವಹನ ವಿಭಾಗ, ಅನುದಾನದ ಅರ್ಜಿ ಬರೆಯುವ ಕೆಲಸ, ಇವುಗಳಿಗೆ ಸಾಮಾನ್ಯವಾಗಿ ಒಂದು ಸ್ನಾತಕ ಪದವಿ ಬೇಕು. ಅದು ಬರವಣಿಗೆಯದೇ ಆಗಬೇಕೆಂದಿಲ್ಲ. ವಿಜ್ಞಾನವನ್ನೋ ಸಾಫ್ಟ್‌ವೇರನ್ನೋ ಓದಿ ಚೆನ್ನಾಗಿ ಬರೆಯಬಲ್ಲವರಿಗೆ ಟೆಕ್ನಿಕಲ್ ರೈಟಿಂಗಿನಲ್ಲಿ ಬೇಡಿಕೆ ಹೆಚ್ಚು. ಜಾಹೀರಾತು ಕಾಪಿ, ಚಿತ್ರಕಥೆ, ಪತ್ರಿಕಾ ಅಂಕಣ ಮೂರನೆಯ ಗುಂಪಿಗೆ ಸೇರಿದವು. ಅಲ್ಲಿ ಮೊದಲು ನೋಡುವುದು ನೀವು ಬರೆದದ್ದನ್ನು.

ಸ್ನಾತಕ ಪದವಿಯ ಮಟ್ಟದಲ್ಲಿ ಇದರಿಂದ ಒಂದು ಸಮಾಧಾನವೂ ಸಿಗುತ್ತದೆ. ‘ಯಾವ ಡಿಗ್ರಿಯಾದರೂ ಸಾಕು’ ಅನ್ನುವ ಬಾಗಿಲುಗಳು ಹಲವು, ಬರವಣಿಗೆಯ ಸ್ನಾತಕ ಪದವಿ ಅವನ್ನೆಲ್ಲ ತೆರೆಯುತ್ತದೆ. ಈಗಾಗಲೇ ಒಂದು ಪದವಿ ಇದ್ದು, ಮೇಲೆ ಇನ್ನೊಂದು ಸೇರಿಸಲು ಹೊರಟವರಿಗೆ ಆ ಲಾಭ ಮತ್ತೆ ಸಿಗುವುದಿಲ್ಲ. ಇಬ್ಬರ ಲೆಕ್ಕವೂ ಬೇರೆ ಬೇರೆ. ಮುಂದಿನ ಉದಾಹರಣೆ ಎರಡನೆಯವರದು, ಏಕೆಂದರೆ ಹೆಚ್ಚು ಮೋಸ ಹೋಗುವುದು ಅಲ್ಲೇ.

ಹೆಜ್ಜೆ 3: ನಿಜವಾದ ಖರ್ಚು ತೆಗೆಯಿರಿ

ಫೀಸಿನ ಹಾಳೆಯಲ್ಲಿರುವುದು ಪೂರ್ತಿ ಖರ್ಚಲ್ಲ. ಅದರಿಂದ ಸ್ಕಾಲರ್‌ಶಿಪ್ ಕಳೆಯಿರಿ. ಊರು ಬದಲಿಸುವುದರಿಂದ ಹೆಚ್ಚಾಗುವ ಖರ್ಚು ಕೂಡಿಸಿ. ಮನೆಯಲ್ಲಿದ್ದರೂ ಆಗುತ್ತಿದ್ದ ಊಟ ಬಟ್ಟೆಯ ಖರ್ಚನ್ನು ಸೇರಿಸಬೇಡಿ, ಅದು ಡಿಗ್ರಿಯ ಖರ್ಚಲ್ಲ. ಕೊನೆಗೆ ಬಹಳ ಮಂದಿ ಮರೆಯುವ ಸಾಲು: ಓದುವ ಕಾಲದಲ್ಲಿ ಕೈಬಿಡುವ ಸಂಬಳ.

ಒಂದು ಉದಾಹರಣೆ. ಈಗ ತೆರಿಗೆ ಕಳೆದು ತಿಂಗಳಿಗೆ 30,000 ಕೈಗೆ ಬರುವ ಒಬ್ಬರು ಕೆಲಸ ಬಿಟ್ಟು ಎರಡು ವರ್ಷದ ಕೋರ್ಸಿಗೆ ಸೇರುತ್ತಾರೆ. ಫೀಸು 4,00,000. ಸ್ಕಾಲರ್‌ಶಿಪ್ 1,50,000. ಹೆಚ್ಚುವರಿ ವಾಸದ ಖರ್ಚು 60,000. ಬಿಟ್ಟ ಸಂಬಳ 24 ತಿಂಗಳಿಗೆ 7,20,000. ನಡುವೆ ಸಣ್ಣಪುಟ್ಟ ಕೆಲಸದಿಂದ ಬರುವ ಆದಾಯ 2,00,000. ಕೂಡಿ ಕಳೆದರೆ ನಿಜವಾದ ಖರ್ಚು 8,30,000. ಫೀಸಿನ ಹಾಳೆ ನೋಡಿದವರು ‘ಎರಡೂವರೆ ಲಕ್ಷ ತಾನೇ’ ಅಂದುಕೊಂಡಿರುತ್ತಾರೆ.

ಅದೇ ವ್ಯಕ್ತಿಗೆ ಇನ್ನೊಂದು ಕಡೆ ಪೂರ್ತಿ ಫೀಸು ಮಾಫಿ, ಮೇಲೆ ತಿಂಗಳಿಗೆ 18,000 ಸ್ಟೈಪೆಂಡ್ (ಓದುವಾಗ ಕಾಲೇಜು ಕೊಡುವ ಭತ್ಯೆ) ಸಿಕ್ಕಿತು ಎಂದುಕೊಳ್ಳಿ. ಆಗ ಖರ್ಚು 60,000 ಮತ್ತು 7,20,000 ಕೂಡಿಸಿ, ಸ್ಟೈಪೆಂಡಿನ 4,32,000 ಕಳೆದು 3,48,000. ಉಚಿತ ಅನ್ನಿಸಿದ ಕೋರ್ಸಿಗೂ ಇಷ್ಟು ಆಗುತ್ತದೆ. ಸ್ಟೈಪೆಂಡಿನ ಮೇಲೆ ತೆರಿಗೆ ಬೀಳುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಮೂರನೆಯ ದಾರಿ, ಕೆಲಸ ಬಿಡದೆ ಓದುವುದು. ವರ್ಷಕ್ಕೆ ಒಂದೆರಡು ಸಲ ಕೆಲವು ದಿನ ಕ್ಯಾಂಪಸ್ಸಿಗೆ ಹೋಗಿ, ಉಳಿದ ಕಾಲ ಮನೆಯಿಂದಲೇ ಒಬ್ಬ ಮಾರ್ಗದರ್ಶಕರ ಜೊತೆ ಕರಡು ಹಂಚಿಕೊಳ್ಳುವ ಪದ್ಧತಿಯನ್ನು ಅಮೆರಿಕದ ವರ್ಮಾಂಟಿನ ಗಾಡರ್ಡ್ ಕಾಲೇಜು 1976ರಲ್ಲಿ ಶುರುಮಾಡಿತು. ಸ್ಕಾಲರ್‌ಶಿಪ್ ಏನೂ ಇಲ್ಲದೆ ಫೀಸು 4,00,000, ಓಡಾಟಕ್ಕೆ 40,000 ಎಂದು ಹಿಡಿದರೂ ಒಟ್ಟು 4,40,000. ಸ್ಕಾಲರ್‌ಶಿಪ್ ಪಡೆದು ಕೆಲಸ ಬಿಟ್ಟು ಹೋದವರ ಖರ್ಚಿನ ಅರ್ಧದಷ್ಟು. ಆದರೆ ಇಲ್ಲಿ ಸಿಗುವುದು ಓದುಗರು ಮತ್ತು ಪ್ರಮಾಣಪತ್ರ, ಬಿಡುವು ಸಿಗುವುದಿಲ್ಲ. ದಣಿದ ಸಂಜೆಗಳಲ್ಲಿ ಬರೆಯಬಲ್ಲವರಿಗೆ ಇದು ಹೇಳಿ ಮಾಡಿಸಿದ ದಾರಿ. ಹೊಸ ಪದ್ಧತಿಗೆ ಹೆಸರು ಮಾಡಿದ ಆ ಗಾಡರ್ಡ್ ಕಾಲೇಜು ವಿದ್ಯಾರ್ಥಿಗಳು ಕಡಿಮೆಯಾಗಿ 2024ರಲ್ಲಿ ಬಾಗಿಲು ಹಾಕಿತು ಎನ್ನುವುದೂ ಗಮನದಲ್ಲಿರಲಿ. ಚಿಕ್ಕ ಖಾಸಗಿ ಕಾಲೇಜಿಗೆ ಸೇರುವವರು ಅದರ ದಾಖಲಾತಿ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಬೇಕು.

ಹೆಜ್ಜೆ 4: ಸಾಲಕ್ಕೆ ಬಡ್ಡಿ ಕೂಡಿಸಿ

1,00,000 ಸಾಲ, ವರ್ಷಕ್ಕೆ ಶೇ 9 ಬಡ್ಡಿ, ಹತ್ತು ವರ್ಷದ ಕಂತು ಅಂದರೆ ತಿಂಗಳ ಕಂತು ಸುಮಾರು 1,267, ಒಟ್ಟು ಕಟ್ಟುವುದು ಸುಮಾರು 1,52,000. ಆದರೆ ಓದುವಾಗ ಕಂತು ಕಟ್ಟದೆ ಇದ್ದರೂ ಅನೇಕ ಸಾಲಗಳಲ್ಲಿ ಬಡ್ಡಿ ಓಡುತ್ತಿರುತ್ತದೆ. ಅರ್ಧ ಹಣ ಮೊದಲ ವರ್ಷ, ಉಳಿದರ್ಧ ಎರಡನೆಯ ವರ್ಷ ತೆಗೆದುಕೊಂಡು, ಕೋರ್ಸು ಮುಗಿದ ಆರು ತಿಂಗಳಿಗೆ ಕಂತು ಶುರುವಾದರೆ, ಆ ಹೊತ್ತಿಗೆ ಸರಳಬಡ್ಡಿಯಲ್ಲೇ ಅಸಲು 1,18,000ಕ್ಕೆ ಬಂದಿರುತ್ತದೆ. ಆಗ ಕಂತು ಸುಮಾರು 1,495, ಒಟ್ಟು ಸುಮಾರು 1,79,000. ಒಂದು ರೂಪಾಯಿ ಪಡೆದವರು ಒಂದು ರೂಪಾಯಿ ಎಂಬತ್ತು ಪೈಸೆ ಹಿಂದಿರುಗಿಸಿದ ಹಾಗೆ.

ಸಾಲದ ಜಾತಿ ಯಾವುದೆಂದು ನೋಡುವುದೂ ಅಷ್ಟೇ ಮುಖ್ಯ. ಕೆಲವು ಸಾಲಗಳ ಕಂತು ಆದಾಯಕ್ಕೆ ತಕ್ಕಂತೆ ಏರಿಳಿಯುತ್ತದೆ. ಇಂಗ್ಲೆಂಡಿನಲ್ಲಿ 2023ರ ಆಗಸ್ಟ್ ನಂತರ ಸ್ನಾತಕ ಕೋರ್ಸಿಗೆ ಸೇರಿದವರ ಸರ್ಕಾರಿ ಸಾಲಕ್ಕೆ ವರ್ಷದ ಆದಾಯ 25,000 ಪೌಂಡ್ ದಾಟಿದ ಮೇಲಿನ ಮೊತ್ತದಲ್ಲಿ ಶೇ 9 ಕಟ್ಟಬೇಕೆಂಬ ನಿಯಮ ಬಂತು. 40 ವರ್ಷಕ್ಕೆ ಉಳಿದದ್ದು ಮನ್ನಾ. ಬರಹಗಾರರ ಹಾಗೆ ಆದಾಯ ಒಂದು ವರ್ಷ ಇದ್ದು ಇನ್ನೊಂದು ವರ್ಷ ಇಲ್ಲದವರಿಗೆ ಇಂಥ ಸಾಲ ಕತ್ತು ಹಿಸುಕುವುದಿಲ್ಲ. ಖಾಸಗಿ ಬ್ಯಾಂಕಿನ ಖಾಯಂ ಕಂತಿಗೆ ಆ ದಾಕ್ಷಿಣ್ಯವಿಲ್ಲ, ಆದಾಯ ಇರಲಿ ಬಿಡಲಿ ಒಂದನೇ ತಾರೀಖು ಅದು ಬಾಗಿಲಲ್ಲಿ ನಿಂತಿರುತ್ತದೆ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸೇರುವ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್. ಫೀಸು ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದಕ್ಕೆ ಖಾಸಗಿ ಸಾಲವೇ ಗತಿ. ಆ ಮಿತಿ ದಾಟಿಸುವ ಬರವಣಿಗೆ ಕೋರ್ಸನ್ನು ನಾನಂತೂ ಯಾರಿಗೂ ಹೇಳಲಾರೆ.

ಹೆಜ್ಜೆ 5: ಆದಾಯದ ಅಂಕಿಗಳನ್ನು ಎಚ್ಚರದಿಂದ ಓದಿ

ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ 2024ರ ಮೇ ತಿಂಗಳಿಗೆ ಕೊಟ್ಟ ಲೆಕ್ಕದಲ್ಲಿ ‘ಬರಹಗಾರರು ಮತ್ತು ಲೇಖಕರ’ ಮಧ್ಯಾಂಕ (ಸಾಲಿನ ನಟ್ಟನಡುವಿನವರ) ವಾರ್ಷಿಕ ಸಂಬಳ 72,270 ಡಾಲರ್. ಟೆಕ್ನಿಕಲ್ ರೈಟರುಗಳದು 91,670 ಡಾಲರ್. ಕೋರ್ಸುಗಳ ಪ್ರಚಾರದಲ್ಲಿ ಮೊದಲ ಅಂಕಿ ಮೆರೆಯುತ್ತದೆ. ಅದು ಸುಳ್ಳಲ್ಲ. ಆದರೆ ಆ ಸಮೀಕ್ಷೆ ಎಣಿಸುವುದು ಸಂಸ್ಥೆಗಳಲ್ಲಿ ಸಂಬಳಕ್ಕಿರುವವರನ್ನು ಮಾತ್ರ. ಸ್ವಂತವಾಗಿ ಬರೆದು ಬದುಕುವವರು ಅದರಲ್ಲಿ ಬರುವುದೇ ಇಲ್ಲ, ಲೇಖಕರಲ್ಲಿ ದೊಡ್ಡ ಪಾಲು ಅವರದೇ.

ಅವರ ಸ್ಥಿತಿ ತಿಳಿಯಲು ಲೇಖಕರ ಸಂಘಗಳ ಸಮೀಕ್ಷೆ ನೋಡಬೇಕು. ಅಮೆರಿಕದ ಆಥರ್ಸ್ ಗಿಲ್ಡ್ ಸಮೀಕ್ಷೆಯಲ್ಲಿ, 2022ರಲ್ಲಿ ಪೂರ್ಣಾವಧಿ ಲೇಖಕರಿಗೆ ಪುಸ್ತಕಗಳಿಂದ ಬಂದ ಮಧ್ಯಾಂಕ ಆದಾಯ 10,000 ಡಾಲರ್. ಉಪನ್ಯಾಸ, ಪಾಠ, ಲೇಖನ ಎಲ್ಲ ಸೇರಿ 20,000. ಬ್ರಿಟನ್ನಿನಲ್ಲಿ ಲೇಖಕರ ಹಕ್ಕುಗಳ ಸಂಸ್ಥೆಯಾದ ಎಎಲ್‌ಸಿಎಸ್ ಮಾಡಿಸಿದ ಅಧ್ಯಯನ 2022ರಲ್ಲಿ ಹೊರಬಂತು. ಕೆಲಸದ ಹೊತ್ತಿನ ಅರ್ಧಕ್ಕಿಂತ ಹೆಚ್ಚನ್ನು ಬರವಣಿಗೆಗೇ ಕೊಡುವವರ ಮಧ್ಯಾಂಕ ಗಳಿಕೆ ವರ್ಷಕ್ಕೆ 7,000 ಪೌಂಡ್. 2006ರಲ್ಲಿ ಅದು 12,330 ಇತ್ತು. ಹದಿನಾರು ವರ್ಷದಲ್ಲಿ ಬೆಲೆಗಳೆಲ್ಲ ಏರಿದರೂ ಲೇಖಕರ ಗಳಿಕೆಯ ಅಂಕಿಯೇ ಇಳಿದಿದೆ.

ಮಧ್ಯಾಂಕ ಅಂದರೆ ಎಲ್ಲರನ್ನೂ ಗಳಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಗಳಿಕೆ. ಬರವಣಿಗೆಯಲ್ಲಿ ಸರಾಸರಿಯನ್ನು ನಂಬಬಾರದು, ಯಶಸ್ವಿ ಲೇಖಕರು ಒಬ್ಬಿಬ್ಬರು ಸೇರಿದರೂ ಅದು ಮೇಲಕ್ಕೆ ಹಾರುತ್ತದೆ. ಯಾವ ಕಾಲೇಜು ‘ನಮ್ಮ ಪದವೀಧರರ ಸರಾಸರಿ ಗಳಿಕೆ’ ಅಂದರೂ ಮಧ್ಯಾಂಕ ಕೇಳಿ. ಎಷ್ಟು ಜನ ಉತ್ತರಿಸಿದ ಸಮೀಕ್ಷೆ ಎಂದೂ ಕೇಳಿ. ಕೆಲಸ ಸಿಗದವರು ಅಂಥ ಸಮೀಕ್ಷೆಗೆ ಉತ್ತರ ಬರೆಯಲು ಉತ್ಸಾಹ ತೋರುವುದಿಲ್ಲ.

ಕಾಲೇಜಿನ ಮಾತನ್ನು ಪಕ್ಕಕ್ಕಿಟ್ಟು ನೋಡುವ ಸಾರ್ವಜನಿಕ ದಾಖಲೆಗಳೂ ಇವೆ. ಅಮೆರಿಕದ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಕಾಲೇಜು ಮತ್ತು ಓದಿನ ವಿಷಯ ಎರಡನ್ನೂ ಕೊಟ್ಟರೆ ಪದವೀಧರರ ಮಧ್ಯಾಂಕ ಗಳಿಕೆ, ಮಧ್ಯಾಂಕ ಸಾಲ ಕಾಣುತ್ತದೆ, ವಿದ್ಯಾರ್ಥಿಗಳ ಸಂಖ್ಯೆ ತೀರಾ ಕಡಿಮೆಯಿದ್ದರೆ ಮಾತ್ರ ಖಾಲಿ ಬಿಟ್ಟಿರುತ್ತಾರೆ. ಬ್ರಿಟನ್ನಿನಲ್ಲಿ ಕೋರ್ಸುಗಳನ್ನು ಹೋಲಿಸಿ ನೋಡುವ ಡಿಸ್ಕವರ್ ಯೂನಿ ಜಾಲತಾಣ ಇದೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ ತೆರಿಗೆ ದಾಖಲೆಗಳನ್ನು ಬಳಸಿ 2020ರಲ್ಲಿ ಮಾಡಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯಕ್ಕೆ ಹೋದ ಐವರಲ್ಲಿ ಒಬ್ಬರು ಹೋಗದಿದ್ದರೆ ಹಣದ ದೃಷ್ಟಿಯಿಂದ ಉತ್ತಮ ಸ್ಥಿತಿಯಲ್ಲಿರುತ್ತಿದ್ದರು ಎಂದು ಅಂದಾಜಿಸಿದ್ದಾರೆ. ಸೃಜನಶೀಲ ಕಲೆಗಳನ್ನು ಓದಿದವರ ಲಾಭ ಪಟ್ಟಿಯ ಕೆಳತುದಿಯಲ್ಲಿತ್ತು. ಅದೇ ಮಾತನ್ನು ತಿರುಗಿಸಿದರೆ ಐವರಲ್ಲಿ ನಾಲ್ವರಿಗೆ ನಷ್ಟವಾಗಲಿಲ್ಲ ಎಂದೂ ಆಗುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಒಂದು ಮಾತು ಸೇರಿಸಬೇಕು. ಮೇಲಿನ ಅಂಕಿಗಳೆಲ್ಲ ಹಿಂದಿನ ವರ್ಷಗಳವು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸರಕಿನ ವಿವರಣೆ, ಸಾಧಾರಣ ಪ್ರಚಾರ ಬರಹದಂಥ ಕೆಲಸಗಳ ದರ ಕುಸಿಯುವ ಒತ್ತಡಕ್ಕೆ ಸಿಕ್ಕಿದೆ. ಹೊಸಬರು ಕಾಲೂರಲು ಬಳಸುತ್ತಿದ್ದ ಮೆಟ್ಟಿಲು ಇದೇ ಆಗಿತ್ತು. 2023ರಲ್ಲಿ ಅಮೆರಿಕದ ಚಿತ್ರಕಥೆಗಾರರು 148 ದಿನ ಮುಷ್ಕರ ಹೂಡಿದಾಗ ಕೃತಕ ಬುದ್ಧಿಮತ್ತೆಯ ಬಳಕೆಗೆ ಮಿತಿ ಹಾಕುವುದೂ ಅವರ ಬೇಡಿಕೆಗಳಲ್ಲಿ ಒಂದಾಗಿತ್ತು. ಆದ್ದರಿಂದ ಯಾವ ಆದಾಯದ ಅಂದಾಜನ್ನು ಬರೆದರೂ ಅದರಲ್ಲಿ ಸ್ವಲ್ಪ ಕಳೆದು ಇನ್ನೊಮ್ಮೆ ಬರೆಯಿರಿ.

ಹೆಜ್ಜೆ 6: ಎರಡನೇ ಆಯ್ಕೆಯ ಜೊತೆ ಹೋಲಿಸಿ

ಡಿಗ್ರಿ ಮಾಡಿದ ಮೇಲೆ ಎಷ್ಟು ಸಿಗುತ್ತದೆ ಅನ್ನುವುದರಿಂದ ಉತ್ತರ ಸಿಗುವುದಿಲ್ಲ. ಡಿಗ್ರಿ ಮಾಡದೆ ಅದೇ ಎರಡು ವರ್ಷ ಕೆಲಸ ಮುಂದುವರಿಸಿದ್ದರೆ ಸಿಗುತ್ತಿದ್ದದ್ದಕ್ಕಿಂತ ಎಷ್ಟು ಹೆಚ್ಚು ಎಂದು ಕೇಳಬೇಕು. ನಮ್ಮ ಉದಾಹರಣೆಯವರ ಸಂಬಳ ಎರಡು ವರ್ಷದಲ್ಲಿ 30,000ದಿಂದ 32,000ಕ್ಕೆ ಏರುತ್ತಿತ್ತು, ಡಿಗ್ರಿಯಿಂದ ಸಿಗುವ ಕೆಲಸ 36,000ದ್ದು ಎಂದುಕೊಳ್ಳೋಣ. ಡಿಗ್ರಿಯ ಗಳಿಕೆ 36,000 ಅಲ್ಲ, ತಿಂಗಳಿಗೆ 4,000. ವರ್ಷಕ್ಕೆ 48,000.

ಈಗ ಖರ್ಚನ್ನು ಇದರಿಂದ ಭಾಗಿಸಿ. ಕೆಲಸ ಬಿಟ್ಟು ಫೀಸು ಕಟ್ಟಿದವರು 8,30,000 ವಾಪಸು ಪಡೆಯಲು 17 ವರ್ಷಕ್ಕೂ ಹೆಚ್ಚು ಬೇಕು. ಸ್ಟೈಪೆಂಡ್ ಸಿಕ್ಕವರಿಗೆ 7 ವರ್ಷ ಚಿಲ್ಲರೆ. ಕೆಲಸದಲ್ಲಿದ್ದುಕೊಂಡೇ ಓದಿದವರಿಗೆ 9 ವರ್ಷ. ಬಡ್ಡಿ ಇನ್ನೂ ಸೇರಿಸಿಲ್ಲ.

ಅದೂ ಆ 36,000ದ ಕೆಲಸ ಖಂಡಿತ ಸಿಗುತ್ತದೆ ಎಂದು ಹಿಡಿದಾಗ. ಸಿಗುವ ಸಾಧ್ಯತೆ ಹತ್ತರಲ್ಲಿ ನಾಲ್ಕು, ಸಿಗದಿದ್ದರೆ ಡಿಗ್ರಿ ಇಲ್ಲದೆಯೂ ಸಿಗುತ್ತಿದ್ದ 32,000ದ ಸಂಬಳಕ್ಕೇ ಮರಳುವುದು ಎಂದುಕೊಂಡರೆ 4,000ದ ಬೆಲೆ 1,600ಕ್ಕೆ ಇಳಿಯುತ್ತದೆ. ವರ್ಷಕ್ಕೆ 19,200. ಆಗ ಮೊದಲನೆಯವರಿಗೆ 43 ವರ್ಷ, ಎರಡನೆಯವರಿಗೆ 18, ಮೂರನೆಯವರಿಗೆ ಸುಮಾರು 23. ಕೆಲಸ ಮಾಡುವ ವಯಸ್ಸಿನೊಳಗೆ ಮೊದಲನೆಯದು ತೀರುವುದೇ ಅನುಮಾನ.

ಈ ಹಾಳೆಯನ್ನು ಮೂರು ಸಲ ಮಾಡಿ: ಎಲ್ಲ ನೆಟ್ಟಗಾದರೆ, ಸಾಮಾನ್ಯವಾಗಿ ಆದರೆ, ಕೆಟ್ಟದಾಗಿ ಆದರೆ. ಕೆಟ್ಟದ್ದು ಅಂದರೆ ಕೋರ್ಸನ್ನು ಅರ್ಧಕ್ಕೆ ಬಿಟ್ಟು ಸಾಲ ಮಾತ್ರ ಉಳಿಯುವುದು. ಸಾಲ ಮಾಡಿ ಓದುವವರಿಗೆ ಅದಕ್ಕಿಂತ ದೊಡ್ಡ ಹೊಡೆತ ಇನ್ನೊಂದಿಲ್ಲ. ಆದ್ದರಿಂದ ಸೇರಿದವರಲ್ಲಿ ಎಷ್ಟು ಜನ ಮುಗಿಸುತ್ತಾರೆ ಅನ್ನುವ ಅಂಕಿಯನ್ನು ಕಾಲೇಜಿನಿಂದ ಬರಹದಲ್ಲಿ ಪಡೆಯಿರಿ.

ಹೆಜ್ಜೆ 7: ಸಾಲವನ್ನು ಬರೆಯುವ ಗಂಟೆಗಳಿಗೆ ಬದಲಿಸಿ

ಇದು ಯಾವ ಬ್ಯಾಂಕೂ ಮಾಡಿಕೊಡದ ಲೆಕ್ಕ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತಿಂಗಳ ಕಂತನ್ನು, ಸಂಬಳದಾಚೆಗಿನ ಸಂಜೆಯ ಕೆಲಸದಿಂದ ನೀವು ಗಂಟೆಗೆ ಗಳಿಸಬಲ್ಲ ಹಣದಿಂದ ಭಾಗಿಸಿ. 4,00,000 ಸಾಲಕ್ಕೆ ಮೇಲಿನ ಬಡ್ಡಿಯಲ್ಲಿ ಕಂತು ಸುಮಾರು 5,980. ಗಂಟೆಗೆ 200 ಗಳಿಸುವವರಾದರೆ ತಿಂಗಳಿಗೆ 30 ಗಂಟೆ. ಹತ್ತು ವರ್ಷಕ್ಕೆ 3,600 ಗಂಟೆ.

ಈಗ ಕೋರ್ಸು ಕೊಟ್ಟ ಬಿಡುವನ್ನು ಎಣಿಸಿ. ಕ್ಲಾಸು, ಕಮ್ಮಟ, ಓದು, ಪಾಠ ಮಾಡುವ ಹೊಣೆ ಎಲ್ಲ ಕಳೆದು ದಿನಕ್ಕೆ ಮೂರು ಗಂಟೆ ನಿಮ್ಮ ಬರಹಕ್ಕೆ ಸಿಕ್ಕಿತು, ವರ್ಷಕ್ಕೆ 250 ದಿನ ಎಂದುಕೊಂಡರೆ ಎರಡು ವರ್ಷಕ್ಕೆ 1,500 ಗಂಟೆ. 1,500 ಗಂಟೆ ಪಡೆಯಲು 3,600 ಗಂಟೆ ಕೊಟ್ಟಂತಾಯಿತು. ಆ 3,600 ಗಂಟೆಗಳೂ ಬರೆಯಲು ಒದಗುತ್ತಿದ್ದ ಸಂಜೆಗಳೇ. ಬರೆಯುವ ಹಂಬಲದಿಂದ ಕೋರ್ಸಿಗೆ ಸೇರಿ, ಕಂತಿನ ಸಲುವಾಗಿ ಬರವಣಿಗೆಯನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರ ಪ್ರತಿಭೆಯಲ್ಲಿ ಕೊರತೆ ಇರಲಿಲ್ಲ, ಹಾಳೆ ಹಾಕಿ ತೋರಿಸುವವರು ಇರಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಎರಡು ಅಂಕಿಗಳಲ್ಲಿ ಕೊಡುವ ಗಂಟೆ ಪಡೆಯುವ ಗಂಟೆಗಿಂತ ಹೆಚ್ಚಿದ್ದರೆ, ಆ ಸಾಲ ನಿಮ್ಮ ಬರವಣಿಗೆಗೆ ಶತ್ರು.

ಎಷ್ಟು ಸಾಲದವರೆಗೆ ಹೋಗಬಹುದು ಅನ್ನುವುದಕ್ಕೆ ವಿದ್ಯಾರ್ಥಿ ಸಾಲದ ಸಲಹೆಗಾರರು ಹೇಳುವ ಒಂದು ರೂಢಿಯ ಅಳತೆ ಇದೆ: ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರಬಾರದು. ಬರವಣಿಗೆಯ ಡಿಗ್ರಿಗೆ ನಾನು ಅದರ ಅರ್ಧಕ್ಕೆ ನಿಲ್ಲಿ ಅನ್ನುತ್ತೇನೆ, ಏಕೆಂದರೆ ಮೊದಲ ವರ್ಷದ ಸಂಬಳವೇ ಇಲ್ಲಿ ಅಂದಾಜು.

ಹೆಜ್ಜೆ 8: ಕಾಲೇಜಿಗೆ ಬರೆದು ಕೇಳಿ

ಪ್ರವೇಶಪತ್ರ ಬಂದ ಮೇಲೆ ಮಾತಾಡುವ ಶಕ್ತಿ ನಿಮ್ಮ ಕಡೆಗೂ ಸ್ವಲ್ಪ ಬಂದಿರುತ್ತದೆ. ಅವರು ನಿಮ್ಮನ್ನು ಆರಿಸಿದ್ದಾರೆ. ಸಂಕೋಚ ಬಿಟ್ಟು ಕೇಳಬೇಕಾದವು: ಸ್ಕಾಲರ್‌ಶಿಪ್ ಎರಡನೆಯ ವರ್ಷವೂ ಮುಂದುವರಿಯುತ್ತದೆಯೇ, ಯಾವ ಷರತ್ತಿಗೆ? ಫೀಸು ನಡುವೆ ಏರುತ್ತದೆಯೇ? ಸ್ಟೈಪೆಂಡಿಗೆ ಪ್ರತಿಯಾಗಿ ವಾರಕ್ಕೆ ಎಷ್ಟು ಗಂಟೆ ಪಾಠ, ತಿದ್ದಲು ಎಷ್ಟು ಪ್ರಬಂಧ? ಈ ಕೊನೆಯದನ್ನು ಗಂಟೆಗೆ ಭಾಗಿಸಿದರೆ ಕೆಲವು ‘ಅನುದಾನಿತ’ ಸೀಟುಗಳು ಕಡಿಮೆ ಸಂಬಳದ ಕೆಲಸ ಎಂದು ಕಾಣುತ್ತದೆ. ಕರಪತ್ರದಲ್ಲಿ ಹೆಸರಿರುವ ಪ್ರಸಿದ್ಧ ಲೇಖಕರು ನಿಮ್ಮ ವರ್ಷಗಳಲ್ಲಿ ನಿಜವಾಗಿ ಪಾಠಕ್ಕೆ ಇರುತ್ತಾರೆಯೇ ಎಂದೂ ಕೇಳಿ, ರಜೆಯ ಮೇಲಿರುವುದು ಅಪರೂಪವಲ್ಲ.

ಇನ್ನೊಂದು ಕಡೆಯಿಂದ ಹೆಚ್ಚಿನ ನೆರವು ಬಂದಿದ್ದರೆ ಆ ಪತ್ರದ ಪ್ರತಿ ಲಗತ್ತಿಸಿ, ‘ನಿಮ್ಮಲ್ಲೇ ಸೇರುವ ಮನಸ್ಸಿದೆ, ಇಷ್ಟು ಕೊರತೆ ಬೀಳುತ್ತಿದೆ, ಸಾಧ್ಯವೇ?’ ಎಂದು ಎರಡು ಸಾಲು ಬರೆಯಿರಿ. ಇಲ್ಲ ಅಂದರೆ ಇಲ್ಲ, ಕೇಳಿದ್ದಕ್ಕೆ ಸೀಟು ಹೋಗುವುದಿಲ್ಲ.

ಎಲ್ಲ ವಿದ್ಯಾರ್ಥಿಗಳಿಗೂ ಪೂರ್ತಿ ನೆರವು ಕೊಡುವ ಕೋರ್ಸುಗಳು ಇವೆ ಎನ್ನುವುದು ಅರ್ಜಿ ಹಾಕುವ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಮಿಚನರ್ ಸೆಂಟರ್ ಮೂರು ವರ್ಷದ ಕೋರ್ಸಿಗೆ ಫೀಸು ಬಿಟ್ಟು ಸ್ಟೈಪೆಂಡನ್ನೂ ಕೊಡುವುದಕ್ಕೆ ಹೆಸರಾಗಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಎಂಎಫ್‌ಎಯಲ್ಲೂ ಸೇರಿದ ಎಲ್ಲರಿಗೂ ಪೂರ್ತಿ ನೆರವಿದೆ. ಸೀಟು ಬೆರಳೆಣಿಕೆಯಷ್ಟು, ಪೈಪೋಟಿ ವಿಪರೀತ. ಮೊದಲ ವರ್ಷ ಸಿಗದಿದ್ದರೆ ಕರಡನ್ನು ತಿದ್ದಿ ಮರುವರ್ಷ ಮತ್ತೆ ಹಾಕುವುದು, ಸಿಕ್ಕ ದುಬಾರಿ ಸೀಟಿಗೆ ಸಾಲ ಮಾಡುವುದಕ್ಕಿಂತ ಒಳ್ಳೆಯದು. ಒಂದು ವರ್ಷದಲ್ಲಿ ಬರಹ ಹಳಸುವುದಿಲ್ಲ.

ಹೆಜ್ಜೆ 9: ಬಿಡಿಬಿಡಿಯಾಗಿ ಕೊಂಡರೆ ಎಷ್ಟು?

ಮೂರು ಸರಕಿನಲ್ಲಿ ಓದುಗರನ್ನೂ ಬಿಡುವನ್ನೂ ಬೇರೆ ಕಡೆ ಕೊಳ್ಳುವ ಬೆಲೆಯನ್ನು ಹಾಳೆಯಲ್ಲಿ ಬರೆಯಿರಿ. ಓದುಗರಿಗಾಗಿ ವಾರಾಂತ್ಯದ ಕಮ್ಮಟ, ಆನ್‌ಲೈನ್ ತರಗತಿ, ಐದಾರು ಜನರ ಓದುಕೂಟ, ಪೂರ್ತಿ ಹಸ್ತಪ್ರತಿಗೆ ಒಬ್ಬ ವೃತ್ತಿಪರ ಸಂಪಾದಕರ ವರದಿ. ಬಿಡುವಿಗಾಗಿ ಮೂರು ತಿಂಗಳ ಸಂಬಳರಹಿತ ರಜೆ ಅಥವಾ ವಾರದಲ್ಲಿ ನಾಲ್ಕೇ ದಿನದ ಕೆಲಸ. ನಮ್ಮ ಉದಾಹರಣೆಯವರು ಮೂರು ತಿಂಗಳು ರಜೆ ಹಾಕಿದರೆ ಹೋಗುವುದು 90,000. ಉಳಿದೆಲ್ಲಕ್ಕೆ ಅಷ್ಟೇ ಹಣ ಸೇರಿಸಿದರೂ 1,80,000 ದಾಟುವುದಿಲ್ಲ. ಡಿಗ್ರಿಯ 8,30,000ದಲ್ಲಿ ಇದನ್ನು ಕಳೆದು ಉಳಿಯುವ 6,50,000 ಪ್ರಮಾಣಪತ್ರಕ್ಕೂ, ಎರಡು ವರ್ಷ ಒಂದೇ ಊರಿನಲ್ಲಿ ಬರೆಯುವವರ ನಡುವೆ ಬದುಕುವ ಅನುಭವಕ್ಕೂ ನೀವು ಕೊಡುವ ಬೆಲೆ.

ಆ ಅನುಭವ ಚಿಕ್ಕದಲ್ಲ. ಒಬ್ಬಂಟಿಯಾಗಿ ಬರೆದವರಿಗೆ ತಮ್ಮಂಥವರು ಹನ್ನೆರಡು ಜನ ಸಿಕ್ಕಾಗ ಆಗುವ ಬದಲಾವಣೆಯನ್ನು ಯಾವ ಕಾಲಮ್ಮಿನಲ್ಲೂ ಬರೆಯಲಾಗದು. ಅದಕ್ಕೆ ಹಣ ಕೊಡುವುದು ತಪ್ಪಲ್ಲ. ಎಷ್ಟು ಕೊಡಬಲ್ಲಿರಿ ಎಂದು ನೀವೇ ಒಂದು ಅಂಕಿ ಬರೆಯಿರಿ, ಅದು ವಾಪಸು ಬರದಿದ್ದರೂ ನಿದ್ದೆ ಕೆಡದಷ್ಟಿರಲಿ. ಕಾಲೇಜು ಕೇಳುವುದು ಅದಕ್ಕಿಂತ ಕಡಿಮೆಯಿದ್ದರೆ ಸಂತೋಷದಿಂದ ಸೇರಿ.

ಸ್ನಾತಕ ಪದವಿಗೆ ಹೊರಟ ಚಿಕ್ಕವರಿಗೆ ಇದೇ ಹೆಜ್ಜೆಯ ಇನ್ನೊಂದು ರೂಪ: ಬರವಣಿಗೆಯ ಜೊತೆ ಎರಡನೆಯ ವಿಷಯವೊಂದನ್ನು ಓದಲು ಅವಕಾಶವಿದೆಯೇ ನೋಡಿ. ಜೀವಶಾಸ್ತ್ರ, ಕಾನೂನು, ಅರ್ಥಶಾಸ್ತ್ರ, ಕಂಪ್ಯೂಟರ್, ಯಾವುದಾದರೂ ಸರಿ. ಫೀಸು ಹೆಚ್ಚಾಗದೆ ಸಂಬಳದ ಬಾಗಿಲು ಎರಡು ಮೂರು ಹೆಚ್ಚುತ್ತವೆ, ಬರೆಯಲು ವಿಷಯವೂ ಸಿಗುತ್ತದೆ.

ಹೆಜ್ಜೆ 10: ಸೇರಿದ ಮೇಲೂ ಹಾಳೆ ತೆಗೆಯಿರಿ

ಸೇರಿದ್ದಾಯಿತು ಎಂದು ಹಾಳೆಯನ್ನು ಬಿಸಾಡಬೇಡಿ. ಮೊದಲ ಸೆಮಿಸ್ಟರ್ ಮುಗಿದ ವಾರಕ್ಕೆ ಒಂದು ದಿನಾಂಕ ಗುರುತು ಹಾಕಿ. ಆ ದಿನ ಮೂರು ಅಂಕಿ ಬರೆಯಿರಿ: ಇಲ್ಲಿಯವರೆಗಿನ ಸಾಲ, ವಾರಕ್ಕೆ ನಿಜವಾಗಿ ಬರೆಯಲು ಸಿಕ್ಕ ಗಂಟೆ, ಮುಗಿಸಲು ಇನ್ನು ಬೇಕಾದ ಹಣ. ಕಟ್ಟಿದ ಫೀಸನ್ನು ಈ ಲೆಕ್ಕದಲ್ಲಿ ಸೇರಿಸಬೇಡಿ, ಬಿಟ್ಟರೂ ಮುಂದುವರಿದರೂ ಅದು ಹೋದದ್ದೇ. ಇನ್ನು ಮುಂದೆ ಕೊಡಬೇಕಾದ ಹಣಕ್ಕೆ ಇನ್ನು ಮುಂದೆ ಸಿಗುವುದು ತಕ್ಕುದೇ ಎಂದಷ್ಟೇ ನೋಡಿ. ಅಲ್ಲ ಅನ್ನಿಸಿದರೆ ಒಂದು ವರ್ಷ ರಜೆ ತೆಗೆದುಕೊಳ್ಳಬಹುದೇ, ಪಡೆದ ಕ್ರೆಡಿಟ್‌ಗಳನ್ನು ಬೇರೆ ಕಡೆಗೆ ವರ್ಗಾಯಿಸಬಹುದೇ, ಯಾವ ತಾರೀಖಿನೊಳಗೆ ಬಿಟ್ಟರೆ ಮುಂದಿನ ಕಂತಿನ ಫೀಸು ಮರಳಿ ಬರುತ್ತದೆ ಎಂದು ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿ. ಆ ಕೊನೆಯ ತಾರೀಖನ್ನು ಸೇರುವ ದಿನವೇ ಕೇಳಿ, ಹಾಳೆಯ ಮೇಲ್ತುದಿಯಲ್ಲಿ ಬರೆದಿಡಿ.